ಕೋಟದಲ್ಲಿ ಉಡಿದಾರದ ಸಾಕ್ಷಿ

ಉಡುಪಿಯಿಂದ ಕುಂದಾಪುರದ ಕಡೆಗೆ ಹೊರಟ ಪಯಣಿಗನಿಗೆ ದಾರಿ ಬೇಸರ ತರುವುದಿಲ್ಲ. ಕಲ್ಯಾಣಪುರದ ಬಳಿ ಸುವರ್ಣಾ ನದಿ ಎದುರಾಗುತ್ತದೆ. ಬ್ರಹ್ಮಾವರ ದಾಟಿದ ಮೇಲೆ ಮಾಬುಕಳದಲ್ಲಿ ಸೀತಾ ನದಿಯ ಸೇತುವೆ ಬರುತ್ತದೆ. ಎಡಗಡೆ ತೆಂಗಿನ ತೋಟಗಳ ಆಚೆಗೆ ಕಡಲು; ಬಲಗಡೆ ಬಹು ದೂರದಲ್ಲಿ ನೀಲಿ ಗೆರೆಯಂತೆ ಸಹ್ಯಾದ್ರಿ. ಸಾಸ್ತಾನ, ಸಾಲಿಗ್ರಾಮಗಳನ್ನು ಕಳೆದೊಡನೆ ಬರುವ ಊರೇ ಕೋಟ. ಉಡುಪಿಗೂ ಇದಕ್ಕೂ ಸುಮಾರು 25 ಕಿಲೋಮೀಟರುಗಳ ಅಂತರ. ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ಕುಳಿತು ನೋಡುವವನಿಗೆ ಇದು ಅಂಗಡಿ ಸಾಲುಗಳಿರುವ ಇನ್ನೊಂದು ಪೇಟೆ ಮಾತ್ರ. ಇಳಿದು ಪಡುವಣಕ್ಕೆ ಹೆಜ್ಜೆ ಹಾಕಿದವನಿಗಷ್ಟೇ ಊರು ತನ್ನ ನಿಜವಾದ ಮುಖವನ್ನು ತೋರಿಸುತ್ತದೆ.

ಬೈಲಿನ ನಡುವೆ ಹಾದು ಹೋಗುವ ಹಾದಿ. ಎರಡು ಕಡೆಗಳಲ್ಲಿಯೂ ಮಳೆಗಾಲದಲ್ಲಿ ಭತ್ತ, ಅದು ಮುಗಿದ ಮೇಲೆ ಉದ್ದು, ಹೆಸರು, ನೆಲಗಡಲೆ. ಗದ್ದೆ ಮುಗಿದಲ್ಲಿ ಹೊಯ್ಗೆ, ಹೊಯ್ಗೆ ಮುಗಿದಲ್ಲಿ ಪಡುಕರೆಯ ಸಮುದ್ರ. ಈ ಸೀಮೆಯ ಮಣ್ಣು, ಉಪ್ಪುನೀರು ಮತ್ತು ಮನುಷ್ಯರ ದುಡಿಮೆಯನ್ನು ಬರೆದವರಲ್ಲಿ ಮೊದಲ ಹೆಸರು ಕೋಟ ಶಿವರಾಮ ಕಾರಂತರದು. ಅವರು 1902ರಲ್ಲಿ ಇಲ್ಲಿಯೇ ಹುಟ್ಟಿದವರು. 1997ರಲ್ಲಿ ತೀರಿಕೊಳ್ಳುವವರೆಗೂ ಸುತ್ತುವುದನ್ನಾಗಲಿ ಬರೆಯುವುದನ್ನಾಗಲಿ ಬಿಟ್ಟವರಲ್ಲ. ಕೋಟತಟ್ಟಿನಲ್ಲಿ ಅವರ ಹೆಸರಿನ ಉದ್ಯಾನವೊಂದು ಈಗ ಪ್ರವಾಸಿಗರನ್ನು ಕರೆಯುತ್ತದೆ.

ಊರಿನ ದೇವಿ ಅಮೃತೇಶ್ವರಿ. ಭಕ್ತರ ಬಾಯಲ್ಲಿ ಅವಳಿಗೆ ಇನ್ನೊಂದು ಹೆಸರಿದೆ: ‘ಹಲವು ಮಕ್ಕಳ ತಾಯಿ’. ಆ ಹೆಸರು ಊರಿಗೂ ಒಪ್ಪುತ್ತದೆ. ಸಾಲಿಗ್ರಾಮದ ಗುರುನರಸಿಂಹನನ್ನೇ ಗುರುವೆಂದು ನಂಬಿದ ಕೋಟ ಬ್ರಾಹ್ಮಣರು, ಗದ್ದೆಯ ಒಡೆತನದ ಬಂಟರು, ತೆಂಗು ತಾಳೆಗಳನ್ನೇರುತ್ತಿದ್ದ ಬಿಲ್ಲವರು, ಕಡಲನ್ನೇ ನಂಬಿದ ಮೊಗವೀರರು ಮತ್ತು ಖಾರ್ವಿಗಳು, ಇವರೆಲ್ಲರಿಗಿಂತಲೂ ಹಿಂದಿನಿಂದ ಈ ನೆಲದಲ್ಲಿದ್ದವರೆಂದು ಎಣಿಸಲಾಗುವ ಕೊರಗರು: ತಾಯಿಗೆ ಮಕ್ಕಳು ಅನೇಕರು. ಆದರೆ ಎಲ್ಲ ಮಕ್ಕಳ ತಟ್ಟೆಗೂ ಒಂದೇ ಬಗೆಯ ಅನ್ನ ಬಿದ್ದುದಿಲ್ಲ. ಆ ಭೇದದ ಗುರುತು ಇಂದು ಎಲ್ಲಿ ಉಳಿದಿದೆಯೆಂದು ಕೇಳಿದರೆ, ಮುಪ್ಪಿಗೆ ಕಾಲಿಟ್ಟವರ ಸೊಂಟದಲ್ಲಿ ಎನ್ನಬೇಕಾಗುತ್ತದೆ.

ಸೊಂಟದ ಮಾತು ಬಂದಾಗ ಕೋಟದಿಂದ ಸ್ವಲ್ಪ ಉತ್ತರಕ್ಕಿರುವ ಕುಂಭಾಶಿಯ ಆನೆಗುಡ್ಡೆ ನೆನಪಾಗದಿರದು. ಅಲ್ಲಿಯ ವಿನಾಯಕನ ದರ್ಶನಕ್ಕೆ ದಿನವೂ ಜನ ಸಾಲುಗಟ್ಟುತ್ತಾರೆ. ಲಂಬೋದರನ ಕಥೆ ಮಕ್ಕಳಿಗೂ ಬಾಯಿಪಾಠ: ಹೊಟ್ಟೆ ತುಂಬ ಕಡುಬು ಮೋದಕಗಳನ್ನು ತಿಂದು ಇಲಿಯೇರಿ ಹೊರಟವನು ಉರುಳಿ ಬಿದ್ದನಂತೆ, ಬಿರಿದ ಹೊಟ್ಟೆಗೆ ಹಾವನ್ನೇ ಬಿಗಿದು ಕಟ್ಟಿಕೊಂಡನಂತೆ, ಅದನ್ನು ಕಂಡು ನಕ್ಕ ಚಂದ್ರನಿಗೆ ಶಾಪ ಸಿಕ್ಕಿತಂತೆ. ಡೊಳ್ಳು ಹೊಟ್ಟೆಯನ್ನು ನೋಡಿ ನಗಬಾರದೆಂಬ ನೀತಿಯನ್ನು ಹಿರಿಯರು ಎಷ್ಟು ಚೆಲುವಾಗಿ ಹೇಳಿದ್ದಾರೆ! ಹಸಿವೇ ಎಲ್ಲೆಡೆ ಹರಡಿದ್ದ ಕಾಲದಲ್ಲಿ ಉಬ್ಬಿದ ಹೊಟ್ಟೆ ಶ್ರೀಮಂತಿಕೆಯ ಲಾಂಛನವಾಗಿತ್ತು. ಯಜಮಾನನೆಂದರೆ ಹೊಟ್ಟೆ ಸ್ವಲ್ಪ ಮುಂದಿರಬೇಕು. ಇಲ್ಲವಾದರೆ ಮನೆಯೊಡತಿಗೇ ಅಪಮಾನ.

ಉಳಿದವರ ಹೊಟ್ಟೆಗೆ ಉಡಿದಾರವೇ ಅಳತೆಗೋಲು. ಗದ್ದೆಯಲ್ಲಿಯೂ ದೋಣಿಯಲ್ಲಿಯೂ ಕೌಪೀನ ತೊಟ್ಟು ದುಡಿಯುತ್ತಿದ್ದ ಗಂಡಸಿನ ಸೊಂಟದಲ್ಲಿ ಕಪ್ಪು ನೂಲೊಂದು ಸದಾ ಇರುತ್ತಿತ್ತು. ಅದು ಬಿಗಿಯಾಗುವ ಪ್ರಸಂಗವೇ ಬರುತ್ತಿರಲಿಲ್ಲ. ಆಟಿ ತಿಂಗಳ ಬಡತನದಲ್ಲಿ ಸಡಿಲವಾಗುತ್ತಿದ್ದುದೇ ಹೆಚ್ಚು.

ಏಕೆಂದರೆ ಆ ದಿನಗಳ ದುಡಿಮೆ ಸಾಮಾನ್ಯವಾದುದಲ್ಲ. ಗಂಡಸರು ಕೋಣ ಹೂಡಿ ಉಳುವುದು, ಏತದಿಂದ ನೀರೆತ್ತಿ ತರಕಾರಿಗೆ ಹಾಯಿಸುವುದು. ಹೆಂಗಸರು ಮಳೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಡುವುದು, ಸುಗ್ಗಿಯಲ್ಲಿ ಹೊರೆ ಹೊತ್ತು ತರುವುದು. ತಂದ ಕದಿರನ್ನು ಹಡಿಮಂಚದ ಮೇಲೆ ಬಡಿದು ಭತ್ತ ಉದುರಿಸಬೇಕು; ಭತ್ತವನ್ನು ಬೇಯಿಸಿ, ಒಣಗಿಸಿ, ಒನಕೆಯಿಂದ ಕುಟ್ಟಿ ಕುಚ್ಚಲಕ್ಕಿ ಮಾಡಬೇಕು. ಕಡಲ ದಂಡೆಯಲ್ಲಿ ಹತ್ತಾರು ಜನ ಸೇರಿ ಕೈರಂಪಣಿಯ ಬಲೆಯನ್ನು ಮೈಯ ಬಲದಿಂದಲೇ ಎಳೆಯಬೇಕು. ಸಿಕ್ಕಿದ ಬೈಗೆ ಬಂಗುಡೆಗಳನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆದು ಮಾರಬೇಕು. ಕೋಟಕ್ಕೆ ಸಮೀಪದ ಕೋಡಿಯ ಕಡಲ ಕರೆಯನ್ನೇ ಆವರಿಸಿಕೊಂಡ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಮೂರು ತಲೆಮಾರುಗಳ ಇಂಥ ದುಡಿಮೆಯ ಚಿತ್ರವಿದೆ. ತುತ್ತು ಗಂಜಿ ಹೊಟ್ಟೆ ಸೇರುವ ಮೊದಲೇ ಮೈ ಅದರ ಬೆಲೆಯನ್ನು ತೆತ್ತಿರುತ್ತಿತ್ತು.

ಊಟವೂ ಹಾಗೆಯೇ. ಬೆಳಗಿಗೆ ಕುಚ್ಚಲಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ಮೀನಿನ ಸಾರು ಅಥವಾ ಹರಿವೆ, ಬಸಳೆ, ಸೌತೆಗಳ ಹುಳಿ. ಕಜ್ಜಾಯ, ಹೋಳಿಗೆಗಳು ಹಬ್ಬಕ್ಕೆ, ಕೋಳಿ ನೆಂಟರಿಗೆ. ವರ್ಷದಲ್ಲಿ ಕೆಲವು ದಿನ ಮಾತ್ರ ನಾಲಗೆ ಹೊಟ್ಟೆಯ ಮಾತನ್ನು ಮೀರುತ್ತಿತ್ತು.

ಈ ಚಿತ್ರ ಬದಲಾದುದು ಒಂದೇ ದಿನದಲ್ಲಲ್ಲ. ಅಕ್ಕಿಯ ಗಿರಣಿ ಒನಕೆಯನ್ನು ಮೂಲೆಗೆ ಸೇರಿಸಿತು. ವಿದ್ಯುತ್ ಪಂಪು ಏತವನ್ನು ಕೆಡವಿತು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ರಂಪಣಿಯ ಸಂಸಾರಗಳು ಚದುರಿದವು. ನಾಟಿ ಕಟಾವುಗಳಿಗೂ ಈಗ ಯಂತ್ರಗಳಿವೆ. ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಇವುಗಳಲ್ಲಿ ಒಂದನ್ನೂ ಶಪಿಸುವಂತಿಲ್ಲ. ಒನಕೆ ಹಿಡಿದು ಹೆಣ್ಣಿನ ಅಂಗೈ ಬೊಬ್ಬೆಯೆದ್ದ ಕಾಲ ಮರಳಿ ಬರಲೆಂದು ಹರಸುವವರು ಅದನ್ನು ಹಿಡಿದವರಲ್ಲ. ಆದರೆ ದುಡಿಮೆ ತೊಲಗಿದ ವೇಗದಲ್ಲಿ ಊಟದ ರೀತಿ ಬದಲಾಗಲಿಲ್ಲ. ಬದಲಾದುದೂ ಹೆಚ್ಚಿನ ಕಡೆಗೇ ಬದಲಾಯಿತು.

ಇನ್ನೊಂದು ಬದಲಾವಣೆಯಲ್ಲಿ ಕೋಟ ಸೀಮೆಯೇ ನಾಡಿಗೆಲ್ಲ ದಾರಿ ತೋರಿಸಿತು. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿಯೇ ರವೆ ಇಡ್ಲಿ ಹುಟ್ಟಿತೆಂದು ಹೇಳುತ್ತಾರೆ. ಈ ಸೀಮೆಯಿಂದ ಹೊರಟ ಹೋಟೆಲಿನವರು ಬೆಂಗಳೂರು, ಮದರಾಸು, ಮುಂಬಯಿಗಳ ಗುಮಾಸ್ತರಿಗೆ ತುಪ್ಪದ ದೋಸೆ, ಕಾಫಿಗಳ ರುಚಿ ಹತ್ತಿಸಿದರು. ಹಬ್ಬದ ತಿಂಡಿ ನಿತ್ಯದ ಉಪಾಹಾರವಾಯಿತು. ನಗರದ ವಾಚಕರು ತಮ್ಮ ಸೊಂಟಪಟ್ಟಿಯ ತೂತುಗಳನ್ನು ಎಣಿಸಿಕೊಳ್ಳುವಾಗ ಈ ಕಡಲ ಕರೆಯನ್ನು ಕೃತಜ್ಞತೆಯಿಂದಲೋ ಕೋಪದಿಂದಲೋ ನೆನೆಯಬಹುದು!

ದುಡಿಯಲು ಹೋದ ಮಕ್ಕಳು ಊರಿಗೆ ಹಣ ಕಳಿಸಿದರು, ಮನೆ ಕಟ್ಟಿಸಿದರು. ಆ ಮನೆಗಳಲ್ಲಿ ಇಂದು ಎಷ್ಟೋ ಕಡೆ ಅಜ್ಜಯ್ಯ ಅಜ್ಜಿ ಇಬ್ಬರೇ ಇರುತ್ತಾರೆ. ಕೆಲಸಕ್ಕೆ ಯಂತ್ರಗಳು, ಹೊತ್ತು ಕಳೆಯಲು ಟೆಲಿವಿಷನ್, ಅಂಗಡಿಗೆ ಆಟೋರಿಕ್ಷಾ. ಅಡುಗೆ ಮಾಡುವ ಉತ್ಸಾಹವಿಲ್ಲದ ಸಂಜೆಗೆ ಬ್ರೆಡ್ಡು, ಬಿಸ್ಕತ್ತು, ಸಕ್ಕರೆ ಹಾಕಿದ ಚಹಾ. ಇಂಥ ಮನೆಯ ಜಗಲಿಗೇ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ದಾರ ಬಂದಿದೆ.

ಅದು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಅಳತೆಪಟ್ಟಿ. ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರ ವಿಷಯವಾಗಿಯೂ ಅವಳು ತುಂಬಬೇಕಾದ ನಮೂನೆಯೊಂದಿದೆ. ವಯಸ್ಸು, ಹೊಗೆಸೊಪ್ಪು, ಮದ್ಯ, ವ್ಯಾಯಾಮ, ತಂದೆತಾಯಿಯರ ಕಾಯಿಲೆಗಳ ಜತೆಗೆ ಸೊಂಟದ ಸುತ್ತಳತೆಯೂ ಅದರಲ್ಲಿ ಬರುತ್ತದೆ. ಪಟ್ಟಿ ಕಂಡೊಡನೆ ಗಂಡಸರು ಅರಿಯದೆಯೇ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. “ಹ್ವಾಯ್ ಅಜ್ಜಯ್ಯಾ, ಹೊಟ್ಟಿ ಎಳ್ಕಂಬ್ದ್ ಬ್ಯಾಡ!” ಎಂಬ ಮಾತು ಬಂದೊಡನೆ ಜಗಲಿಯೆಲ್ಲ ನಗು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ, ಪಟ್ಟಿಯನ್ನು ಬಿಗಿಯದೆ ಸುತ್ತಿ ಓದಬೇಕು. ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಗಂಡಸಿಗೆ 90 ಸೆಂಟಿಮೀಟರು, ಹೆಂಗಸಿಗೆ 80. ಅದನ್ನು ಮುಟ್ಟಿದರೆ ಎಚ್ಚರಿಕೆ.

ದೇಶದಲ್ಲಿ ಎಷ್ಟು ಮಂದಿ ಆ ಗೆರೆಯನ್ನು ದಾಟಿದ್ದಾರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಎಲ್ಲ ರಾಜ್ಯಗಳಲ್ಲಿಯೂ ನಡೆದ ಮಹಾ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ, 11.4 ಮಂದಿಗೆ ಸಕ್ಕರೆ ಕಾಯಿಲೆ, 35.5 ಮಂದಿಗೆ ರಕ್ತದ ಏರೊತ್ತಡ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಸೊಂಟವನ್ನೂ ಅಳೆದಾಗ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 40 ಮಂದಿಯಲ್ಲಿ ಈ ಬೊಜ್ಜು ಕಂಡುಬಂತು. ಹಿರಿಯರಿಗಾಗಿಯೇ ನಡೆದ ಸಮೀಕ್ಷೆಯೂ ಉಂಟು: 2017-18ರ ಮೊದಲ ಸುತ್ತಿನಲ್ಲಿ, 45 ದಾಟಿದವರನ್ನೂ ಅವರ ಸಂಗಾತಿಗಳನ್ನೂ ಕೂಡಿಸಿ 72 ಸಾವಿರಕ್ಕೂ ಹೆಚ್ಚು ಜನರ ಬಾಳನ್ನು ಅದು ವಿಚಾರಿಸಿತು, ಅವರ ಸೊಂಟಕ್ಕೂ ಪಟ್ಟಿ ಸುತ್ತಿತು.

ತೂಕದ ಯಂತ್ರವಿರುವಾಗ ಸೊಂಟವನ್ನೇಕೆ ಅಳೆಯಬೇಕೆಂದು ಕೇಳುವವರುಂಟು. ಮುಪ್ಪಿನಲ್ಲಿ ತೂಕ ಸುಳ್ಳು ಹೇಳುತ್ತದೆ. ವಯಸ್ಸು ಏರಿದಂತೆ ತೋಳು ತೊಡೆಗಳ ಮಾಂಸಖಂಡ ಕರಗುತ್ತದೆ. ಅದೇ ಹೊತ್ತಿಗೆ ಕೊಬ್ಬು ಚರ್ಮದಡಿಯಿಂದ ಸರಿದು ಹೊಟ್ಟೆಯೊಳಕ್ಕೆ, ಕರುಳು ಯಕೃತ್ತುಗಳ ಸುತ್ತ ಸೇರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ಸರಿದಾಟ ಬೇಗ ಬೇಗ ನಡೆಯುತ್ತದೆ. ಒಂದು ಕಡೆ ಕಳೆದುದು ಇನ್ನೊಂದು ಕಡೆ ಕೂಡುವುದರಿಂದ ತಕ್ಕಡಿಯ ಮುಳ್ಳು ಇದ್ದಲ್ಲಿಯೇ ನಿಲ್ಲಬಹುದು. “ಇಪ್ಪತ್ತು ವರ್ಷಗಳಿಂದ ನನ್ನ ತೂಕ ಒಂದೇ” ಎಂದು ಹೆಮ್ಮೆಪಡುವ ಅಜ್ಜಯ್ಯನ ಪಂಚೆಯ ಗಂಟು ಮಾತ್ರ ಪ್ರತಿ ವರ್ಷವೂ ಚಿಕ್ಕದಾಗುತ್ತಿರುತ್ತದೆ. ಹೊಟ್ಟೆಯೊಳಗಿನ ಈ ಕೊಬ್ಬು ಸುಮ್ಮನೆ ಕೂಡುವುದೂ ಇಲ್ಲ. ಅದರಿಂದ ಹೊರಟ ಕೊಬ್ಬಿನ ಅಂಶಗಳು ನೇರವಾಗಿ ಯಕೃತ್ತನ್ನು ಸೇರಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ತರುತ್ತವೆ. ಸಕ್ಕರೆ ಕಾಯಿಲೆ, ರಕ್ತನಾಳಗಳ ರೋಗ, ಹೃದಯಾಘಾತಗಳಿಗೆ ದಾರಿಯಾಗುತ್ತವೆ.

ಇಷ್ಟರವರೆಗಿನದು ಹಸಿರು ಗದ್ದೆಯ ಮತ್ತು ಮಾಳಿಗೆಯ ಮನೆಗಳ ಕಥೆ. ಅಳತೆಪಟ್ಟಿ ಕೊರಗರ ಕಾಲೊನಿಗೂ ಹೋಗುತ್ತದೆ. ಅಲ್ಲಿ ಅದು ಓದಬೇಕಾದ ಕಥೆ ಬೇರೆ.

ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರ ಗುರುತಿಸಿರುವ ಗಿರಿಜನರು ಎರಡು ಪಂಗಡದವರು: ಜೇನುಕುರುಬರು ಮತ್ತು ಕೊರಗರು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೇ ಬಹುಮಟ್ಟಿಗೆ ನೆಲಸಿರುವ ಕೊರಗರ ಸಂಖ್ಯೆ 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 15 ಸಾವಿರಕ್ಕಿಂತಲೂ ಕಡಮೆಯಾಗಿತ್ತು. ಕಾಡಿನ ಬಿದಿರು ಬಳ್ಳಿಗಳಿಂದ ಬುಟ್ಟಿ, ಗೆರಸಿ, ಅನ್ನ ಬಸಿಯುವ ತಟ್ಟಿಗಳನ್ನು ಹೆಣೆದು ಊರಿನ ಅಡುಗೆಮನೆಯನ್ನೆಲ್ಲ ಅವರು ತುಂಬಿಸಿದರು. ತಮ್ಮ ಅಡುಗೆಮನೆಯನ್ನು ತುಂಬಿಸಿಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ. ಉತ್ಸವಗಳಲ್ಲಿ ಡೋಲು ಬಡಿದವರ ಪಾಲಿಗೆ ಬಂದುದು ಎಂಜಲು.

ಎಂಜಲಿಗಿಂತಲೂ ಕ್ರೂರವಾದುದೊಂದು ಇತ್ತು. ಅದರ ಹೆಸರು ಅಜಲು. ಮೇಲಿನವರ ಮನೆಯಲ್ಲಿ ಬಸುರಿಯ ಸೀಮಂತವಾದಾಗ, ರೋಗ ರುಜಿನಗಳು ಬಂದಾಗ, ಅನ್ನದಲ್ಲಿ ಕೂದಲು ಉಗುರುಗಳನ್ನು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಅನಿಷ್ಟವೆಲ್ಲ ಅವರಿಗೆ ಹೋಗಲೆಂಬುದು ನಂಬಿಕೆ. ಒಂದು ಹೊಟ್ಟೆಯ ಕ್ಷೇಮಕ್ಕಾಗಿ ಇನ್ನೊಂದು ಹೊಟ್ಟೆಗೆ ಅಮಂಗಳವನ್ನು ಉಣಿಸಿದ ಈ ಪದ್ಧತಿಯನ್ನು ಕರ್ನಾಟಕ ಶಾಸನಸಭೆ 2000ನೆಯ ಇಸವಿಯ ಅಧಿನಿಯಮದಿಂದ ನಿಷೇಧಿಸಿತು. ಈ ಮಾತನ್ನು ಇಲ್ಲಿ ನೆನೆಯುವುದು ಯಾರನ್ನೂ ನೋಯಿಸುವುದಕ್ಕಲ್ಲ. ಇಂದು ಅರುವತ್ತು ಎಪ್ಪತ್ತು ದಾಟಿರುವ ಕೊರಗ ಸ್ತ್ರೀಪುರುಷರು ಎಂಥ ತಾಯಿಯ ಗರ್ಭದಲ್ಲಿ, ಎಂಥ ಅನ್ನದಿಂದ ಬೆಳೆದರೆಂಬುದು ಅವರ ಮೈಯ ಲೆಕ್ಕದಲ್ಲಿ ಸೇರಿಕೊಂಡಿದೆ.

ಕೊರಗರಲ್ಲಿ ಈಗಲೂ ದೊಡ್ಡ ಕಷ್ಟ ಕೃಶತೆಯೇ: ರಕ್ತಹೀನತೆ, ಕ್ಷಯ, ಅಕಾಲ ಮರಣ. ದೇಶದ ಸಮೀಕ್ಷೆಗಳೆಲ್ಲವೂ ಪರಿಶಿಷ್ಟ ಪಂಗಡಗಳಲ್ಲಿಯೇ ಕೃಶಕಾಯರು ಹೆಚ್ಚೆಂದು ತೋರಿಸಿವೆ. ಆದ್ದರಿಂದ ಅಲ್ಲಿ ಹೊಟ್ಟೆಯ ಬೊಜ್ಜಿನ ಮಾತೆತ್ತುವುದು ಹಾಸ್ಯವೆಂದು ತೋರಬಹುದು. ಆದರೆ ಬೇರೆಯ ಗಾಳಿ ಅಲ್ಲಿಯೂ ಬೀಸಿದೆ. ಪ್ಲಾಸ್ಟಿಕ್ ಬುಟ್ಟಿ ಬಂದು ಬಿದಿರಿನ ಬುಟ್ಟಿಗೆ ಗಿರಾಕಿ ತಪ್ಪಿತು. ಕಾಡಿನ ಬಾಗಿಲೂ ಕಿರಿದಾಯಿತು. ಅದರೊಡನೆ ದಿನವೆಲ್ಲ ಗುಡ್ಡ ಹತ್ತಿ ಬಳ್ಳಿ ಕಡಿಯುವ ನಡೆ ತಪ್ಪಿತು. ಗೆಡ್ಡೆ, ಸೊಪ್ಪು, ಬೇಟೆಯ ಮಾಂಸಗಳೂ ತಟ್ಟೆಯಿಂದ ಮಾಯವಾದವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಹಸಿವಿನ ಭಯವನ್ನು ಬಹಳ ಮಟ್ಟಿಗೆ ನೀಗಿತು. ಅದು ದೊಡ್ಡ ಉಪಕಾರ. ಆದರೆ ಬೇಳೆ, ಮೀನು, ಮೊಟ್ಟೆ, ಹಾಲುಗಳಿಗೆ ಕಾಸಿಲ್ಲದ ಮನೆಯಲ್ಲಿ ತಟ್ಟೆ ತುಂಬ ಬಿಳಿ ಅನ್ನವೊಂದೇ ಉಳಿಯುತ್ತದೆ. ಈ ಕೊರತೆಯನ್ನು ತುಂಬಲೆಂದೇ ಸರ್ಕಾರ ಇಂಥ ಪಂಗಡಗಳಿಗೆ ಬೇಳೆಕಾಳು, ಮೊಟ್ಟೆ, ಎಣ್ಣೆ, ಬೆಲ್ಲ ಮುಂತಾದ ಪೌಷ್ಟಿಕ ಆಹಾರವನ್ನು ಹಂಚುತ್ತ ಬಂದಿದೆ.

ಹಸಿವಿನಲ್ಲಿ ಹುಟ್ಟಿದ ಶರೀರಕ್ಕೆ ತಡವಾಗಿ ಅನ್ನ ದೊರೆತರೆ ಏನಾಗುತ್ತದೆ? ಇದಕ್ಕೆ ಉತ್ತರದ ಒಂದು ಎಳೆ ದೊರೆತುದು ಮೈಸೂರಿನಲ್ಲಿ. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ದಾದಿಯರು 1934ರಿಂದಲೂ ಹುಟ್ಟಿದ ಪ್ರತಿಯೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಮೂವರಿಗೆ ಮಾತ್ರ. ಬಡಕಲು ಕೂಸಿನ ಹೃದಯ ಐವತ್ತು ವರ್ಷಗಳ ಅನಂತರವೂ ತಾಯಿಯ ಹಸಿವನ್ನು ಮರೆತಿರಲಿಲ್ಲ.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು ಇದೇ ಎಳೆಯನ್ನು ಮುಂದೆ ಹಿಡಿದರು. ಪುಣೆಯ ಹಳ್ಳಿಗಳ ಕೂಸುಗಳು ಸುಮಾರು 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಕೂಸುಗಳು 3.5 ಕಿಲೋ. ಆದರೆ ಭಾರತದ ಕೂಸಿನಲ್ಲಿ ಕುಂದಿದುದು ಮಾಂಸಖಂಡ ಮತ್ತು ಒಳಾಂಗಗಳು; ಕೊಬ್ಬು ಅಷ್ಟಾಗಿ ಕುಂದಿರಲಿಲ್ಲ. ಕೃಶವಾಗಿಯೂ ಕೊಬ್ಬಿರುವ ಕೂಸು! ಅದೇ ವಿಚಿತ್ರ ದೊಡ್ಡವರಲ್ಲಿಯೂ ಇದೆಯೆಂಬುದಕ್ಕೆ ಯಾಜ್ಞಿಕರು ತಮ್ಮನ್ನೇ ಸಾಕ್ಷಿಯಾಗಿಸಿದರು. ಎತ್ತರ ತೂಕಗಳ ಲೆಕ್ಕದಲ್ಲಿ ಅವರೂ ಅವರ ಇಂಗ್ಲಿಷ್ ಮಿತ್ರ ಯುಡ್ಕಿನ್ನರೂ ಸರಿಸಮಾನರು. ಆದರೆ ಯಂತ್ರದಲ್ಲಿ ಪರೀಕ್ಷಿಸಿದಾಗ ಇಂಗ್ಲಿಷರ ಮೈಯಲ್ಲಿ ನೂರಕ್ಕೆ 9.1 ಪಾಲು, ಭಾರತೀಯರ ಮೈಯಲ್ಲಿ 21.2 ಪಾಲು ಕೊಬ್ಬು. ಇಬ್ಬರೂ ಜತೆಗೆ ನಿಂತ ಚಿತ್ರ 2004ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು.

ಹೀಗಾಗಿ ಕೋಟದಂಥ ಊರಿನಲ್ಲಿ ಹೊಟ್ಟೆಗಳು ಎರಡು ಬಗೆ. ದುಡಿಮೆ ಬಿಟ್ಟುಹೋದವರ ಹೊಟ್ಟೆ ಒಂದು. ಹಸಿವು ತಡವಾಗಿ ಬಿಟ್ಟುಹೋದವರ ಹೊಟ್ಟೆ ಇನ್ನೊಂದು. ಮೊದಲನೆಯದು ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಅದಕ್ಕೆ ವೈದ್ಯರ ಉಪದೇಶವೂ ಔಷಧಿಯೂ ದೊರೆಯುತ್ತವೆ. ಎರಡನೆಯದು ಸೊರಗಿದ ಕೈಕಾಲುಗಳ ನಡುವೆ ಸಣ್ಣ ಉಬ್ಬಾಗಿ ಮಾತ್ರ ಇರುತ್ತದೆ. ಬಡವನಿಗೆಲ್ಲಿಯ ಬೊಜ್ಜೆಂದು ಯಾರೂ ಗಮನಿಸುವುದಿಲ್ಲ. ಕೊಬ್ಬನ್ನು ತಾಳಿಕೊಳ್ಳುವ ಶಕ್ತಿ ಅಂಥ ಶರೀರಕ್ಕೆ ಕಡಮೆಯಾದುದರಿಂದ ಸ್ವಲ್ಪ ಉಬ್ಬೂ ಅದಕ್ಕೆ ಭಾರವೇ.

ಮೂಲನಿವಾಸಿಗಳ ಸೊಂಟದಲ್ಲಿ ಇತಿಹಾಸ ಹೀಗೆ ಅಚ್ಚೊತ್ತಿರುವುದು ಇದೊಂದೇ ನಾಡಿನಲ್ಲಲ್ಲ. ಅಮೆರಿಕದ ಅರಿಜೋನದಲ್ಲಿ ಪೀಮಾ ಎಂಬ ಜನರಿದ್ದಾರೆ. ಹಿಲಾ ನದಿಯ ನೀರಿನಿಂದ ಬೇಸಾಯ ಮಾಡಿ ಬಾಳಿದವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಲ್ಗಡೆ ನೆಲಸಿದ ವಲಸೆಗಾರರು ನದಿಯನ್ನು ತಿರುಗಿಸಿಕೊಂಡರು. ಹೊಲ ಒಣಗಿತು, ಸರ್ಕಾರ ಕೊಟ್ಟ ಹಿಟ್ಟು, ಸಕ್ಕರೆ, ಕೊಬ್ಬುಗಳೇ ಆಹಾರವಾದವು. 1965ರಿಂದ ವೈದ್ಯರು ಅವರನ್ನು ಪರೀಕ್ಷಿಸುತ್ತ ಬಂದರು. ಬೊಜ್ಜೂ ಸಕ್ಕರೆ ಕಾಯಿಲೆಯೂ ಅಲ್ಲಿ ಮನೆಮನೆಗೂ ಹರಡಿದ್ದವು. ರಕ್ತದ ದೋಷವೆಂದು ಮೊದಲಿಗೆ ಅನೇಕರು ತಿಳಿದರು. ಆದರೆ ಮೆಕ್ಸಿಕೋದ ಬೆಟ್ಟಗಳಲ್ಲಿ ಇದೇ ಪೀಮಾ ಜನರ ದಾಯಾದಿಗಳು ಇನ್ನೂ ಕೈಯಾರೆ ಉತ್ತು ಬಿತ್ತಿ ಬದುಕಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಪೀಮಾ ಜನರಲ್ಲಿ ನೂರಕ್ಕೆ 38 ಮಂದಿಗೆ ಸಕ್ಕರೆ ಕಾಯಿಲೆಯಿದ್ದರೆ, ಬೆಟ್ಟದ ದಾಯಾದಿಗಳಲ್ಲಿ 6.9 ಮಂದಿಗೆ ಮಾತ್ರ ಇತ್ತು. ರಕ್ತ ಒಂದೇ, ಹರಿದ ನೀರು ಬೇರೆ.

ಕಳೆದುದು ಸ್ವಲ್ಪ ಮಟ್ಟಿಗೆ ಮರಳಬಹುದೆಂಬುದಕ್ಕೂ ಸಾಕ್ಷಿಯಿದೆ. ಆಸ್ಟ್ರೇಲಿಯದ ಸಂಶೋಧಕಿ ಕೆರಿನ್ ಓಡೀ ಅವರು ಸಕ್ಕರೆ ಕಾಯಿಲೆಯ ಹತ್ತು ಮಂದಿ ಮೂಲನಿವಾಸಿಗಳನ್ನು ಏಳು ವಾರಗಳ ಕಾಲ ಅವರ ಹಳೆಯ ಕಾಡುಸೀಮೆಗೆ ಕರೆದೊಯ್ದರು. ಬೇಟೆ, ಮೀನು, ಗೆಡ್ಡೆಗಳೇ ಊಟ. ಅವುಗಳನ್ನು ಹುಡುಕುವುದೇ ಕೆಲಸ. ಹಿಂತಿರುಗುವಾಗ ಅವರು ಸರಾಸರಿ ಎಂಟು ಕಿಲೋ ಇಳಿದಿದ್ದರು. ರಕ್ತದ ಸಕ್ಕರೆ ಬಹುಮಟ್ಟಿಗೆ ಹತೋಟಿಗೆ ಬಂದಿತ್ತು. ಈ ವರದಿ ಪ್ರಕಟವಾದುದು 1984ರಲ್ಲಿ.

ಕೋಟದ ಅಜ್ಜಯ್ಯನನ್ನು ಕಾಡಿಗೆ ಕಳಿಸಬೇಕಾಗಿಲ್ಲ. ಪಡುಕರೆಯ ಹೊಯ್ಗೆಯ ಮೇಲೆ ದಿನಕ್ಕೆ ಅರ್ಧ ಗಂಟೆಯ ನಡಿಗೆ, ಹಿತ್ತಿಲಿನ ಬಸಳೆ ಚಪ್ಪರಕ್ಕೆ ಕೊಡದಲ್ಲಿ ನೀರು, ಕೈಯೂರದೆ ಕುರ್ಚಿಯಿಂದ ಹತ್ತಾರು ಬಾರಿ ಏಳುವುದು: ಇವು ಕರಗುವ ಮಾಂಸಖಂಡವನ್ನು ಹಿಡಿದು ನಿಲ್ಲಿಸುತ್ತವೆ. ತಟ್ಟೆಯಲ್ಲಿ ಅನ್ನದ ಗುಪ್ಪೆ ಕಿರಿದಾಗಲಿ; ಹೆಸರು, ಉದ್ದು, ಬೈಗೆ ಮೀನು, ಮೊಟ್ಟೆ, ಮಜ್ಜಿಗೆ, ಸೊಪ್ಪುಗಳು ಹಿರಿದಾಗಲಿ. ಚಹಾದ ಸಕ್ಕರೆಯೂ ಸಂಜೆಯ ಕರಿದ ತಿಂಡಿಯೂ ಮತ್ತೆ ನೆಂಟರ ದಿನಕ್ಕೇ ಹೋಗಲಿ. ಆದರೆ ಮುದುಕರು ಉಪವಾಸದಿಂದ ಹೊಟ್ಟೆ ಕರಗಿಸಲು ಹೊರಡಬಾರದು. ಅದರಿಂದ ಮೊದಲು ಕರಗುವುದು ಕಾಲಿನ ಬಲ, ಬೀಳುವುದು ಮೂಳೆಯ ಮೇಲೆ. ಕಾರಣವಿಲ್ಲದೆ ತೂಕ ಇಳಿದರೆ ಸಂತೋಷಪಡದೆ ವೈದ್ಯರನ್ನು ಕಾಣಬೇಕು. ಕೊರಗರ ಕಾಲೊನಿಯ ಔಷಧಿ ಇನ್ನೂ ಹಿಂದಿನಿಂದ ಆರಂಭವಾಗಬೇಕು: ಬಸುರಿಯ ತಟ್ಟೆಯಲ್ಲಿ ಮೊಟ್ಟೆ ಬೇಳೆಗಳು ವರ್ಷವೆಲ್ಲ ಇರಬೇಕು. ಎಪ್ಪತ್ತು ವರ್ಷಗಳ ಅನಂತರದ ಒಂದು ಸೊಂಟವನ್ನೂ ಒಂದು ಹೃದಯವನ್ನೂ ಕಾಯುವ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.

ಸಂಜೆ ಪಡುಕರೆಯಿಂದ ಹಿಂತಿರುಗುವ ಪಯಣಿಗನಿಗೆ ಅಮೃತೇಶ್ವರಿಯ ಗುಡಿಯ ದೀಪಗಳು ಕಾಣುತ್ತವೆ. ಹೊಸ ಅಳತೆಪಟ್ಟಿ ಕೈಗೆ ಸಿಗದ ವಾಚಕರಿಗೆ ಹಳೆಯ ಉಡಿದಾರವೇ ಸಾಕು. ತಮ್ಮ ಎತ್ತರದಷ್ಟು ಉದ್ದದ ನೂಲನ್ನು ತೆಗೆದುಕೊಂಡು ನಡುವೆ ಮಡಚಬೇಕು. ಮಡಚಿದ ನೂಲು ಸೊಂಟವನ್ನು ಸುತ್ತಿ ತುದಿಗೆ ತುದಿ ಮುಟ್ಟಿದರೆ ಒಳಿತು, ಮುಟ್ಟದಿದ್ದರೆ ಎಚ್ಚರ. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದೆಂದು ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2022ರಲ್ಲಿ ನೀಡಿದ ಸಲಹೆಯೂ ಇದೇ. ಮಾಳಿಗೆ ಮನೆಯ ಯಜಮಾನನಿಗೂ ಬುಟ್ಟಿ ಹೆಣೆಯುವ ಮುದುಕಿಗೂ ನೂಲು ಒಂದೇ, ಲೆಕ್ಕವೂ ಒಂದೇ. ಆ ನೂಲನ್ನು ಓದುವಾಗ ಮಾತ್ರ, ಇವರು ಏನನ್ನು ಉಂಡರೆಂಬುದರ ಜತೆಗೆ ಇವರ ತಾಯಿಗೆ ಉಣ್ಣಲು ಏನು ದೊರೆತಿತ್ತೆಂಬುದನ್ನೂ ಕೇಳಬೇಕು. ಹಲವು ಮಕ್ಕಳ ತಾಯಿಯ ಊರಿನಲ್ಲಿ ಆ ಪ್ರಶ್ನೆಯನ್ನು ಬಿಟ್ಟು ಅಳೆಯುವುದು ಸಲ್ಲದು.